ಹಾಕಿಸಿಕೊಂಡರೂ ಜ್ವರ ಬಂತಲ್ಲ!

ಮನೆಯ ಹಿರಿಯರ ಹತ್ತಿರ ಫ್ಲೂ ಲಸಿಕೆಯ ಮಾತು ತೆಗೆದರೆ ಸಾಮಾನ್ಯವಾಗಿ ಬರುವ ಉತ್ತರ ಇದು. "ಹೋದ ಸಲ ಹಾಕಿಸಿಕೊಂಡೆ, ಆದ್ರೂ ಜ್ವರ ಬಂತಲ್ಲ? ಇನ್ನೊಂದು ಸಲ ಸುಮ್ನೆ ಯಾಕೆ ಚುಚ್ಚಿಸಿಕೊಳ್ಳಲಿ?" ನಾವು "ಡಾಕ್ಟರು ಹೇಳಿದಾರೆ" ಎಂದು ಏನೋ ಗೊಣಗುತ್ತೇವೆ. ಅವರು ಕನ್ನಡಕ ಸರಿಮಾಡಿಕೊಂಡು ಪೇಪರ್ ಓದಲು ಶುರು ಮಾಡುತ್ತಾರೆ. ಆ ವರ್ಷದ ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಇದರಲ್ಲಿ ತಪ್ಪು ನಮ್ಮದೇ ಅಂತ ನನಗೆ ಅನಿಸುತ್ತದೆ. ಲಸಿಕೆ ಹಾಕಿಸಿಕೊಂಡರೆ ಜ್ವರವೇ ಬರಲ್ಲ ಅಂತ ನಾವೇ ಅವರಿಗೆ ಮಾತು ಕೊಟ್ಟಿರುತ್ತೇವೆ. ಲಸಿಕೆ ಯಾವತ್ತೂ ಕೊಡದ ಮಾತು ಅದು. ಮೊದಲ ಕೆಮ್ಮಿಗೇ ಅದು ಬಿದ್ದುಹೋಗುತ್ತದೆ, ಜೊತೆಗೆ ನಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಹಾಗಾದರೆ ಲಸಿಕೆ ನಿಜವಾಗಿ ಏನು ಮಾಡುತ್ತದೆ? ಅರವತ್ತೈದು ದಾಟಿದವರಿಗೆ ಅದರಿಂದ ಏನು ಸಿಗುತ್ತದೆ? ಮೊದಲು ಇದು ನಮಗೆ ಗೊತ್ತಾಗಬೇಕು.

ಬಂದ ಜ್ವರ ಯಾವುದು?

"ಆದ್ರೂ ಬಂತು" ಅನ್ನುವ ಜ್ವರಕ್ಕೆ ಬೇರೆ ಬೇರೆ ಕಾರಣ ಇರಬಹುದು. ಅದು ಫ್ಲೂ ಆಗಿರದೇ ಇರುವ ಸಾಧ್ಯತೆ ಇದೆ. ನೆಗಡಿ, ಗಂಟಲು ಕೆರೆತ, ಮೈಕೈ ನೋವು ತರುವ ವೈರಸ್‌ಗಳು ಇನ್ನೂರಕ್ಕಿಂತ ಜಾಸ್ತಿ ಇವೆ. ಫ್ಲೂ ಲಸಿಕೆಗೆ ಗೊತ್ತಿರುವುದು ಇನ್‌ಫ್ಲುಯೆಂಜಾ ಒಂದೇ, ಉಳಿದವುಗಳ ತಂಟೆಗೆ ಅದು ಹೋಗುವುದಿಲ್ಲ. ಇಲ್ಲವೇ ಲಸಿಕೆ ಹಾಕಿಸಿಕೊಂಡ ನಾಲ್ಕೈದು ದಿನದಲ್ಲೇ ಸೋಂಕು ತಗುಲಿರಬಹುದು. ಮೈಯಲ್ಲಿ ರಕ್ಷಣೆ ತಯಾರಾಗಲು ಸುಮಾರು ಎರಡು ವಾರ ಬೇಕು. ಅಷ್ಟರೊಳಗೆ ವೈರಸ್ ಬಂದರೆ ಬಾಗಿಲು ತೆರೆದೇ ಇರುತ್ತದೆ.

ಮೂರನೆಯದು ನಿಜವಾದ ಸಮಸ್ಯೆ. ಬಂದದ್ದು ಫ್ಲೂ ವೈರಸ್ಸೇ, ಆದರೆ ಲಸಿಕೆಯಲ್ಲಿ ಇದ್ದದ್ದಕ್ಕಿಂತ ಅದು ಸ್ವಲ್ಪ ಬೇರೆ.

ಈ ವೈರಸ್‌ನ ಮೈಮೇಲೆ ಎರಡು ಬಗೆಯ ಮುಳ್ಳುಗಳಿವೆ. ಹೀಮಾಗ್ಲುಟಿನಿನ್ ಎಂಬುದು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಕೊಕ್ಕೆ. ನ್ಯೂರಾಮಿನಿಡೇಸ್ ಎಂಬುದು ಹೊಸದಾಗಿ ಹುಟ್ಟಿದ ವೈರಸ್‌ಗಳನ್ನು ಕತ್ತರಿಸಿ ಹೊರಗೆ ಬಿಡುವ ಕತ್ತರಿ. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳ ಎಚ್ ಮತ್ತು ಎನ್ ಇವೇ. ನಮ್ಮ ಮೈ ಮುಖ್ಯವಾಗಿ ಆ ಕೊಕ್ಕೆಯ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ತೊಂದರೆ ಏನೆಂದರೆ, ಈ ವೈರಸ್ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ತಪ್ಪು ತಿದ್ದುವುದಿಲ್ಲ. ಪ್ರತಿ ನಕಲಿನಲ್ಲೂ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗುತ್ತದೆ. ವರ್ಷ ಎರಡು ವರ್ಷದಲ್ಲಿ ಕೊಕ್ಕೆಯ ಆಕಾರ ಸಾಕಷ್ಟು ಬದಲಾಗಿ, ಹಳೆಯ ನೆನಪಿಗೆ ಗುರುತು ಹತ್ತದ ಹಾಗಾಗುತ್ತದೆ.

ಇದನ್ನು ವಿಜ್ಞಾನಿಗಳು ಏಟು ತಿಂದೇ ಕಲಿತರು. ಮನುಷ್ಯನ ಫ್ಲೂ ವೈರಸ್ ಮೊದಲ ಬಾರಿ ಕೈಗೆ ಸಿಕ್ಕಿದ್ದು 1933ರಲ್ಲಿ, ಲಂಡನ್ನಿನಲ್ಲಿ, ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳ ಮೇಲಿನ ಪ್ರಯೋಗದಿಂದ. ಥಾಮಸ್ ಫ್ರಾನ್ಸಿಸ್ ಮತ್ತು ಜೋನಾಸ್ ಸಾಲ್ಕ್ ಅಮೆರಿಕದ ಸೈನಿಕರಿಗಾಗಿ ಲಸಿಕೆ ತಯಾರಿಸಿದರು. 1945ರಲ್ಲಿ ಅಲ್ಲಿ ಜನಸಾಮಾನ್ಯರಿಗೂ ಕೊಡಲು ಅನುಮತಿ ಸಿಕ್ಕಿತು. ಎರಡೇ ವರ್ಷ, 1947ರಲ್ಲಿ ಅದೇ ಲಸಿಕೆ ಕೈಕೊಟ್ಟಿತು. ವೈರಸ್ ವೇಷ ಬದಲಿಸಿತ್ತು.

ಅದಕ್ಕೇ 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಕಾವಲು ಜಾಲ ಕಟ್ಟಿತು. ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳು ವರ್ಷವಿಡೀ ರೋಗಿಗಳ ಮೂಗು ಗಂಟಲಿನ ಮಾದರಿ ಪರೀಕ್ಷಿಸುತ್ತವೆ. ವರ್ಷಕ್ಕೆ ಎರಡು ಸಲ ತಜ್ಞರು ಕೂತು ಮುಂದಿನ ಲಸಿಕೆಯಲ್ಲಿ ಯಾವ ವೈರಸ್‌ಗಳಿರಬೇಕು ಎಂದು ತೀರ್ಮಾನಿಸುತ್ತಾರೆ. ಫೆಬ್ರವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ. ಲಸಿಕೆಯ ಬಹುಪಾಲು ಇವತ್ತಿಗೂ ಕೋಳಿಮೊಟ್ಟೆಯೊಳಗೆ ವೈರಸ್ ಬೆಳೆಸಿಯೇ ತಯಾರಾಗುತ್ತದೆ. ಅದಕ್ಕೆ ಆರು ತಿಂಗಳಾದರೂ ಬೇಕು. ಅಂದರೆ ಅರ್ಧ ವರ್ಷದ ಮುಂದಿನ ಹವಾಮಾನ ಇಂದೇ ಹೇಳಿದ ಹಾಗೆ. ಕೆಲವು ವರ್ಷ ಲೆಕ್ಕ ಸರಿಬರುತ್ತದೆ, ಕೆಲವು ವರ್ಷ ತಪ್ಪುತ್ತದೆ. ಪ್ರತಿ ವರ್ಷ ಹೊಸದಾಗಿ ಹಾಕಿಸಿಕೊಳ್ಳಬೇಕು ಅನ್ನುವುದಕ್ಕೆ ಕಾರಣವೂ ಇದೇ. ಸಾಲದ್ದಕ್ಕೆ, ಲಸಿಕೆ ಕೊಟ್ಟ ರಕ್ಷಣೆ ಕೆಲವೇ ತಿಂಗಳಲ್ಲಿ ಇಳಿಯತೊಡಗುತ್ತದೆ.

ಇಲ್ಲೊಂದು ಮಜಾ ಸಂಗತಿ. ಬಿ ಗುಂಪಿನ ಫ್ಲೂನಲ್ಲಿ ಯಮಗಾಟ ಎಂಬ ಒಂದು ವಂಶ ಇತ್ತು. ಕೋವಿಡ್ ಕಾಲದಲ್ಲಿ ಜನ ಮಾಸ್ಕ್ ಹಾಕಿ ಮನೆಯಲ್ಲಿ ಕೂತರಲ್ಲ, 2020ರ ಮಾರ್ಚ್ ಆದಮೇಲೆ ಅದು ಜನರಲ್ಲಿ ಹರಡಿದ್ದು ಖಚಿತವಾಗಿ ಕಂಡುಬಂದಿಲ್ಲ. ಹಾಗಾಗಿ ನಾಲ್ಕು ವೈರಸ್‌ಗಳಿದ್ದ ಲಸಿಕೆ ಈಗ ಮತ್ತೆ ಮೂರಕ್ಕೆ ಇಳಿಯುತ್ತಿದೆ.

ಲೆಕ್ಕ ಸರಿಬಂದ ವರ್ಷದಲ್ಲಿ ಕೂಡ ಡಾಕ್ಟರ ಹತ್ತಿರ ಹೋಗುವಂಥ ಫ್ಲೂ ಬರುವ ಅಪಾಯ ಶೇಕಡಾ 40ರಿಂದ 60ರಷ್ಟು ಮಾತ್ರ ಕಡಿಮೆಯಾಗುತ್ತದೆ. ಅದು ಎಲ್ಲ ವಯಸ್ಸಿನವರನ್ನೂ ಸೇರಿಸಿ ಹೇಳುವ ಲೆಕ್ಕ. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಎಚ್3ಎನ್2 ಜೋರಾಗಿರುವ ವರ್ಷಗಳಲ್ಲಂತೂ ಮತ್ತೂ ಕಡಿಮೆ. ಆದ್ದರಿಂದ "ಆದ್ರೂ ಬಂತಲ್ಲ" ಅನ್ನುವವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ.

ಕಡಿಮೆ ಕೆಲಸ, ಜಾಸ್ತಿ ಲಾಭ

ವಯಸ್ಸಾದಂತೆ ಲಸಿಕೆ ಯಾಕೆ ಮಂದವಾಗುತ್ತದೆ? ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳಿಗೆ ಅದು ತರಬೇತಿ ಶಾಲೆ. ವಯಸ್ಸಿನ ಜೊತೆ ಅದು ಕುಗ್ಗುತ್ತಾ ಕೊಬ್ಬಾಗಿ ಮಾರ್ಪಡುತ್ತದೆ. ಹೊಸ ಪಾಠ ಕಲಿಯಬಲ್ಲ ಹೊಸ ಕೋಶಗಳು ಕಡಿಮೆಯಾಗುತ್ತವೆ. ಹಳೆಯ ಅನುಭವಿಗಳು ಇರುತ್ತಾರೆ, ಆದರೆ ಅವರಿಗೆ ಗೊತ್ತಿರುವುದು ಹಳೆಯ ಶತ್ರು.

"ನಾವು ಇಂಥ ಜ್ವರ ಎಷ್ಟೋ ನೋಡಿದೀವಿ" ಎಂಬ ಹಿರಿಯರ ಇನ್ನೊಂದು ಮಾತಿಗೂ ಇಲ್ಲಿ ಸ್ವಲ್ಪ ಬೆಲೆ ಇದೆ. 2009ರಲ್ಲಿ ಹೊಸ ಎಚ್1ಎನ್1 ಜಗತ್ತೆಲ್ಲ ಹರಡಿದಾಗ ಅರವತ್ತು ದಾಟಿದವರಿಗೆ ಅದು ಎಳೆಯರಷ್ಟು ತಗುಲಲಿಲ್ಲ. ಅಮೆರಿಕದಲ್ಲಿ ಪರೀಕ್ಷಿಸಿದಾಗ ಅಂಥವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ರಕ್ತದಲ್ಲಿ ಆ ವೈರಸ್ ಗುರುತಿಸುವ ಆಂಟಿಬಾಡಿಗಳು ಆಗಲೇ ಇದ್ದವು. ಚಿಕ್ಕಂದಿನಲ್ಲಿ ಅದರ ನೆಂಟನಂಥ ವೈರಸ್ ತಗುಲಿದ ನೆನಪು ಅದು. ಆದರೆ ಹೀಗೆ ಅದೃಷ್ಟ ಕೈಹಿಡಿಯುವುದು ಅಪರೂಪ. ಪ್ರತಿ ವರ್ಷದ ಮಾಮೂಲಿ ಫ್ಲೂನಲ್ಲಿ ಕಥೆ ಉಲ್ಟಾ. ಉಸಿರಾಟದ ತೊಂದರೆಯಾಗಿ ಫ್ಲೂನಿಂದ ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಮೆರಿಕದ ಲೆಕ್ಕದಲ್ಲಿ ಫ್ಲೂ ಸಾವುಗಳಲ್ಲಿ ಶೇಕಡಾ 70ರಿಂದ 85ರಷ್ಟು ಅರವತ್ತೈದು ದಾಟಿದವರದ್ದೇ.

ಹಾಗಾದರೆ ಲಸಿಕೆ ಯಾರಿಗೆ ತುಂಬಾ ಬೇಕೋ ಅವರಲ್ಲೇ ಕಡಿಮೆ ಕೆಲಸ ಮಾಡುತ್ತದೆ, ಅಲ್ವಾ? ಮತ್ತೆ ಅವರಿಗೆ ಯಾಕೆ ಹಾಕಬೇಕು? ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ತಿಳಿಯಲಿ ಅಂತ ನಾನೇ ಇಟ್ಟುಕೊಂಡವು, ಎಲ್ಲೂ ಎಣಿಸಿದ್ದಲ್ಲ. ಒಂದು ಲಕ್ಷ ಯುವಕರಲ್ಲಿ ಫ್ಲೂನಿಂದ ಆಸ್ಪತ್ರೆ ಸೇರುವವರು 10 ಜನ ಅಂದುಕೊಳ್ಳಿ. ಲಸಿಕೆ ಶೇಕಡಾ 60 ತಡೆದರೆ ಆಸ್ಪತ್ರೆ ತಪ್ಪುವುದು 6 ಜನಕ್ಕೆ. ಒಂದು ಲಕ್ಷ ವೃದ್ಧರಲ್ಲಿ ಆಸ್ಪತ್ರೆ ಸೇರುವವರು 500 ಜನ ಅಂದುಕೊಳ್ಳಿ. ಲಸಿಕೆ ಬರೀ ಶೇಕಡಾ 40 ತಡೆದರೂ ಆಸ್ಪತ್ರೆ ತಪ್ಪುವುದು 200 ಜನಕ್ಕೆ. ಅಪಾಯ ದೊಡ್ಡದಾಗಿರುವ ಕಡೆ ಸಾಧಾರಣ ಲಸಿಕೆಯೂ ದೊಡ್ಡ ಕೆಲಸ ಮಾಡುತ್ತದೆ.

ಜ್ವರದ ಹೆಸರೇ ಬರದ ಕಾಯಿಲೆ

ಹಿರಿಯರಿಗೆ ಹೇಳಬೇಕಾದ ಮುಖ್ಯ ವಿಷಯ ಇನ್ನು ಬರುತ್ತದೆ. ವಯಸ್ಸಾದವರಲ್ಲಿ ಫ್ಲೂ ಬಹಳ ಸಲ ಫ್ಲೂ ಥರ ಕಾಣುವುದಿಲ್ಲ. ಜ್ವರವೇ ಇಲ್ಲದಿರಬಹುದು. ಇದ್ದಕ್ಕಿದ್ದಂತೆ ಮಂಕು ಕವಿಯುತ್ತದೆ, ಮಾತು ತಡವರಿಸುತ್ತದೆ, ಊಟ ಬಿಡುತ್ತಾರೆ, ರಾತ್ರಿ ಎದ್ದಾಗ ಬಿದ್ದುಬಿಡುತ್ತಾರೆ. ಮನೆಯವರು ಹೇಳುವುದು "ಬಿದ್ದರು" ಅಂತ. ಬೀಳಿಸಿದ್ದು ಯಾವುದು ಎಂದು ಯಾರೂ ಕೇಳುವುದಿಲ್ಲ.

ಹೃದಯದ ಕಥೆಯೂ ಹೀಗೇ. ಕೆನಡಾದ ಒಂಟಾರಿಯೊದಲ್ಲಿ ಸಂಶೋಧಕರು ಒಂದು ಜಾಣ ಹೋಲಿಕೆ ಮಾಡಿದರು. ಪರೀಕ್ಷೆಯಲ್ಲಿ ಫ್ಲೂ ಖಚಿತವಾದವರನ್ನು ಬೇರೆಯವರ ಜೊತೆ ಹೋಲಿಸಲಿಲ್ಲ. ಅದೇ ವ್ಯಕ್ತಿಯ ಫ್ಲೂ ವಾರವನ್ನು, ಅದರ ಹಿಂದಿನ ಮತ್ತು ಮುಂದಿನ ಒಂದೊಂದು ವರ್ಷದ ಜೊತೆ ಹೋಲಿಸಿದರು. ಹಾಗೆ ಮಾಡಿದಾಗ ಅವರ ಸಕ್ಕರೆ ಕಾಯಿಲೆ, ಬೀಡಿ ಚಟ, ವಂಶದ ಗುಣ ಎಲ್ಲ ಎರಡೂ ಕಡೆ ಒಂದೇ ಆಗಿರುತ್ತದೆ. 2018ರಲ್ಲಿ ಬಂದ ಉತ್ತರ ಹೀಗಿತ್ತು: ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು ಆರು ಪಟ್ಟು.

ಕಾರಣ ಕಷ್ಟದ್ದೇನಲ್ಲ. ಸೋಂಕಿನ ಜೊತೆ ಹೋರಾಡುವಾಗ ಇಡೀ ಮೈಯಲ್ಲಿ ಉರಿಯೂತ ಏಳುತ್ತದೆ. ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ಬರುತ್ತದೆ. ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿದ್ದ ಕೊಬ್ಬಿನ ಗಂಟು ಒಡೆಯಬಹುದು. ಅದೇ ಹೊತ್ತಿಗೆ ಎದೆಬಡಿತ ಜೋರಾಗಿ ಹೃದಯ ಜಾಸ್ತಿ ಆಮ್ಲಜನಕ ಕೇಳುತ್ತದೆ, ಶ್ವಾಸಕೋಶ ಕಡಿಮೆ ಕೊಡುತ್ತದೆ. ಎಪ್ಪತ್ತರ ಹೃದಯಕ್ಕೆ ಇದು ಭಾರ.

ಹೃದಯವನ್ನು ಲಸಿಕೆ ಕಾಯುತ್ತದೆಯೇ ಎಂದೂ ನೇರವಾಗಿ ಪರೀಕ್ಷಿಸಿದ್ದಾರೆ. ಸುಮಾರು 2,500 ಜನ, ಬಹುತೇಕ ಎಲ್ಲರೂ ಆಗಷ್ಟೇ ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆಗೆ ಬಂದವರು. ಅರ್ಧ ಜನಕ್ಕೆ ಫ್ಲೂ ಲಸಿಕೆ, ಅರ್ಧ ಜನಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್. ಒಂದು ವರ್ಷದೊಳಗೆ ಸಾವು, ಮತ್ತೊಂದು ಹಾರ್ಟ್ ಅಟ್ಯಾಕ್ ಅಥವಾ ಹೃದಯದ ರಕ್ತನಾಳ ತೆರೆದಿಡಲು ಹಾಕಿದ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟುವುದು, ಇವುಗಳಲ್ಲಿ ಒಂದಾದರೂ ಆದದ್ದು ಉಪ್ಪುನೀರಿನವರಲ್ಲಿ ಶೇಕಡಾ 7.2, ಲಸಿಕೆಯವರಲ್ಲಿ 5.3. ಇದು 2021ರಲ್ಲಿ ಪ್ರಕಟವಾಯಿತು.

ಫ್ಲೂ ಹೋದಮೇಲೆ ಬರುವ ನ್ಯುಮೋನಿಯಾ ಇನ್ನೊಂದು. ಅದು ಎಲ್ಲರಿಗೂ ಸ್ವಲ್ಪ ಗೊತ್ತಿರುವುದೇ. ಆದರೆ ನನಗೆ ಜಾಸ್ತಿ ಭಯ ಹುಟ್ಟಿಸುವುದು ಹಾಸಿಗೆ. ವಯಸ್ಸಾದವರು ಹತ್ತು ದಿನ ಮಲಗಿದರೆ ತೊಡೆಯ ಸ್ನಾಯು ಎಷ್ಟು ಕರಗುತ್ತದೆ ಎಂದರೆ, ಹನ್ನೊಂದನೇ ದಿನ ತಾವಾಗಿ ಎದ್ದು ಬಚ್ಚಲಿಗೆ ಹೋಗಲು ಆಗದಿರಬಹುದು. ಜ್ವರ ವಾಸಿಯಾಗಿರುತ್ತದೆ. ಕೋಲು ಮಾತ್ರ ಉಳಿದುಬಿಡುತ್ತದೆ. ಕೆಲವರಿಗೆ ಕೋಲಿನ ಹಿಂದೆ ಇನ್ನೊಬ್ಬರ ಕೈ. ಸ್ವಂತ ಕೆಲಸ ಸ್ವಂತ ಮಾಡಿಕೊಂಡು ಓಡಾಡಿಕೊಂಡಿದ್ದವರು ಒಂದೇ ತಿಂಗಳಲ್ಲಿ ಪರಾಧೀನರಾಗುತ್ತಾರೆ.

ಹೀಗೆ ಹೋದವರ ಕಾಗದದಲ್ಲಿ ಹೃದಯಾಘಾತ, ನ್ಯುಮೋನಿಯಾ, ಸೊಂಟದ ಮೂಳೆ ಮುರಿತ ಅಂತಲೇ ಇರುತ್ತದೆ. ಫ್ಲೂ ಹೆಸರು ಎಲ್ಲೂ ಇರುವುದಿಲ್ಲ. ಫ್ಲೂ ಮೇಲೆ ಯಾರೂ ಅಪವಾದ ಹೊರಿಸದ ಕಾರಣ ಲಸಿಕೆಗೂ ಯಾರೂ ಹೆಸರು ಕೊಡುವುದಿಲ್ಲ. ಅದು ತಡೆದ ಹಾರ್ಟ್ ಅಟ್ಯಾಕ್ ಯಾರ ಕಣ್ಣಿಗೂ ಬೀಳುವುದಿಲ್ಲ, ತಡೆಯದ ನೆಗಡಿ ಎಲ್ಲರಿಗೂ ಕಾಣುತ್ತದೆ.

ಹಿರಿಯರಿಗಾಗಿಯೇ ಮಾಡಿದ ಲಸಿಕೆ

ಮಂದವಾದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸಲು ಬೇರೆ ಬೇರೆ ಉಪಾಯ ಮಾಡಿದ್ದಾರೆ. ಒಂದು, ಡೋಸ್ ಹೆಚ್ಚಿಸುವುದು. ಮಾಮೂಲಿ ಲಸಿಕೆಯಲ್ಲಿ ಪ್ರತಿ ವೈರಸ್‌ನ ಹೀಮಾಗ್ಲುಟಿನಿನ್ 15 ಮೈಕ್ರೋಗ್ರಾಂ ಇದ್ದರೆ ಹೈಡೋಸ್‌ನಲ್ಲಿ 60. ಇನ್ನೊಂದು, ಸ್ಕ್ವಾಲೀನ್ ಎಂಬ ಎಣ್ಣೆಯಂಥ ವಸ್ತು ಸೇರಿಸಿ ಮೈಯನ್ನು ಚುರುಕುಗೊಳಿಸುವುದು. ಮತ್ತೊಂದು, ಮೊಟ್ಟೆಯ ಗೊಡವೆಯೇ ಬೇಡವೆಂದು ಆ ಪ್ರೋಟೀನನ್ನು ಪ್ರಯೋಗಾಲಯದಲ್ಲೇ ತಯಾರಿಸುವುದು. ಸಿಕ್ಕರೆ ಈ ಮೂರರಲ್ಲಿ ಒಂದನ್ನು ಕೊಡಿ ಎಂದು ಅಮೆರಿಕದ ಸಲಹಾ ಸಮಿತಿ 2022ರಲ್ಲಿ ಹೇಳಿತು. 2014ರ ಒಂದು ದೊಡ್ಡ ಪ್ರಯೋಗದಲ್ಲಿ ಹೈಡೋಸ್ ಲಸಿಕೆ ಮಾಮೂಲಿಗಿಂತ ಶೇಕಡಾ 24ರಷ್ಟು ಜಾಸ್ತಿ ಫ್ಲೂ ತಡೆದಿತ್ತು.

ಆದರೆ ಡೆನ್ಮಾರ್ಕ್‌ನಲ್ಲಿ 3.3 ಲಕ್ಷ ಹಿರಿಯರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫ್ಲೂ ಅಥವಾ ನ್ಯುಮೋನಿಯಾದಿಂದ ಆಸ್ಪತ್ರೆ ಸೇರುವುದರಲ್ಲಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನ್ನ ಲೆಕ್ಕ ಇಷ್ಟೇ. ಹಿರಿಯರ ಲಸಿಕೆ ಸುಲಭವಾಗಿ ಸಿಕ್ಕರೆ ಸರಿ. ಸಿಗದಿದ್ದರೆ ಅದಕ್ಕಾಗಿ ಕಾಯುತ್ತಾ ಫ್ಲೂ ಕಾಲ ಕಳೆಯುವುದು ಬೇಡ, ಮಾಮೂಲಿಯದ್ದೇ ಹಾಕಿಸಿ. ಫ್ಲೂ ಕಾಲ ಎಲ್ಲ ಕಡೆ ಒಂದೇ ತಿಂಗಳಲ್ಲಿ ಬರುವುದಿಲ್ಲ, ಹಾಗಾಗಿ ನಿಮ್ಮ ಡಾಕ್ಟರನ್ನು ಕೇಳಿ ಅದಕ್ಕಿಂತ ಸ್ವಲ್ಪ ಮುಂಚೆ ಹಾಕಿಸುವುದು ಒಳ್ಳೆಯದು.

"ಲಸಿಕೆಯಿಂದಲೇ ಫ್ಲೂ ಬರುತ್ತೆ" ಎಂಬ ಮಾತೂ ಕೇಳಿಬರುತ್ತದೆ. ಹಿರಿಯರ ತೋಳಿಗೆ ಚುಚ್ಚುವ ಲಸಿಕೆಯಲ್ಲಿ ಇರುವುದು ಸತ್ತ ವೈರಸ್ ಅಥವಾ ಅದರ ಚೂರು. ಅದು ಬೆಳೆಯಲಾರದು. ತೋಳು ನೋವು, ಒಂದೆರಡು ದಿನ ಮೈ ಬೆಚ್ಚಗಾಗುವುದು ಉಂಟು. ಗಿಯನ್ ಬಾರೆ ಎಂಬ ನರಗಳ ತೊಂದರೆ ಹತ್ತು ಲಕ್ಷ ಡೋಸಿಗೆ ಒಂದೆರಡು ಹೆಚ್ಚುವರಿಯಾಗಿ ಬರಬಹುದು ಎಂಬ ಅಂದಾಜಿದೆ, ಹಿಂದೆ ಅದು ಆದವರು ಡಾಕ್ಟರಿಗೆ ಹೇಳಲೇಬೇಕು. ಲಸಿಕೆಗೇ ತೀವ್ರ ಅಲರ್ಜಿ ಆಗಿದ್ದವರೂ ಅಷ್ಟೇ.

ಹೇಳುವ ರೀತಿ

ಇಷ್ಟೆಲ್ಲ ವಾದ ಮಾಡಿದರೆ ಹಿರಿಯರು ಒಪ್ಪುತ್ತಾರೆಯೇ? ಒಪ್ಪದೇ ಇರಬಹುದು. 2015ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಲಸಿಕೆಯಿಂದ ಫ್ಲೂ ಬರಲ್ಲ ಎಂದು ಜನರಿಗೆ ತಿಳಿಸಿ ಹೇಳಿದರು. ಜನ ಆ ತಪ್ಪು ನಂಬಿಕೆ ಬಿಟ್ಟರು. ಆದರೆ ಅಡ್ಡಪರಿಣಾಮದ ಭಯ ಮೊದಲೇ ಜಾಸ್ತಿ ಇದ್ದವರಲ್ಲಿ, ಹಾಕಿಸಿಕೊಳ್ಳುತ್ತೇನೆ ಅನ್ನುವವರ ಸಂಖ್ಯೆ ಇನ್ನೂ ಇಳಿಯಿತು! ತಲೆ ಒಪ್ಪಿತು, ಮನಸ್ಸು ಒಪ್ಪಲಿಲ್ಲ. ವಾದದಲ್ಲಿ ಗೆದ್ದರೆ ಕೆಲಸ ಆಯಿತು ಎಂದುಕೊಳ್ಳುವ ನನ್ನಂಥವರಿಗೆ ಇದು ಪಾಠ.

ಡೆನ್ಮಾರ್ಕ್ ಸರ್ಕಾರಿ ಇ-ಪತ್ರಗಳ ಮೂಲಕ ಇನ್ನೊಂದು ಪ್ರಯೋಗ ನಡೆಯಿತು. ಅರವತ್ತೈದು ದಾಟಿದ 9.6 ಲಕ್ಷ ಜನರಿಗೆ ಬಗೆಬಗೆಯ ಪತ್ರ ಕಳಿಸಿದರು. ಎರಡು ಬಗೆ ಮಾತ್ರ ಕೆಲಸ ಮಾಡಿದವು. ಒಂದು, ಲಸಿಕೆಯಿಂದ ಹೃದಯಕ್ಕೆ ಒಳ್ಳೆಯದು ಎಂದು ಹೇಳಿದ ಪತ್ರ. ಇನ್ನೊಂದು, ಮಾಮೂಲಿ ಪತ್ರವನ್ನೇ ಹದಿನಾಲ್ಕು ದಿನ ಬಿಟ್ಟು ಮತ್ತೆ ಕಳಿಸಿ ನೆನಪಿಸಿದ್ದು. ಪತ್ರ ಹೋಗದವರಲ್ಲಿ ಲಸಿಕೆ ಪಡೆದವರು ಶೇಕಡಾ 80.1, ಹೃದಯದ ಪತ್ರ ಬಂದವರಲ್ಲಿ 81.0. ಒಂದು ಅಂಶಕ್ಕೂ ಕಡಿಮೆ ಏರಿಕೆ. ನಗು ಬರಬಹುದು. ಆದರೆ ಅದು ಒಂದು ಪತ್ರದಿಂದ ಆದದ್ದು. ಎದುರು ಕೂತು ಮಾತಾಡುವ ಮಗಳ, ಮೊಮ್ಮಗನ ಕೈಲಿ ಅದಕ್ಕಿಂತ ಜಾಸ್ತಿ ಸಾಧ್ಯ ಅಂತ ನನ್ನ ನಂಬಿಕೆ.

ಅಮೆರಿಕದಲ್ಲಿ ಮೊಬೈಲ್ ಮೆಸೇಜ್‌ಗಳ ಪ್ರಯೋಗದಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು "ನಿಮ್ಮ ಹೆಸರಿಗೆ ಲಸಿಕೆ ತೆಗೆದಿಟ್ಟಿದ್ದೇವೆ" ಅನ್ನುವಂಥ ಮಾತು. ಇದನ್ನು ಮನೆಯಲ್ಲೂ ಮಾಡಬಹುದು. "ಹಾಕಿಸ್ಕೋತೀರಾ?" ಎಂದು ಕೇಳಿದರೆ "ನೋಡೋಣ" ಅನ್ನುತ್ತಾರೆ. "ಗುರುವಾರ ಬಿಪಿ ತೋರಿಸೋಕೆ ಹೋಗ್ತೀವಲ್ಲ, ಅಲ್ಲೇ ಲಸಿಕೆನೂ ಹೇಳಿಟ್ಟಿದೀನಿ, ನಾನೂ ಹಾಕಿಸ್ಕೋತೀನಿ" ಅಂದರೆ ಕಥೆ ಬೇರೆ. ಅವರಿಗೆ ಹಳೆಯ ಪರಿಚಯದ ಡಾಕ್ಟರ್ ಇದ್ದರೆ, ಅವರ ಬಾಯಲ್ಲಿ ಒಂದು ಮಾತು ಹೇಳಿಸಿ. ನಾವು ನೂರು ಸಲ ಹೇಳುವುದಕ್ಕಿಂತ ಅದು ಮೇಲು.

ಅಷ್ಟಾದರೂ ಒಪ್ಪದಿದ್ದರೆ ಮನೆಯ ಉಳಿದವರು ಹಾಕಿಸಿಕೊಳ್ಳುವ ದಾರಿ ಇದೆ. ಜಪಾನ್ 1962ರಿಂದ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತಿತ್ತು. 1987ರಲ್ಲಿ ಕಡ್ಡಾಯ ಸಡಿಲಿಸಿತು, 1994ರಲ್ಲಿ ನಿಲ್ಲಿಸಿಯೇಬಿಟ್ಟಿತು. ಆ ವರ್ಷಗಳ ಸಾವಿನ ಲೆಕ್ಕ ತೆಗೆದು ನೋಡಿದ ಸಂಶೋಧಕರು 2001ರಲ್ಲಿ ಒಂದು ಅಂದಾಜು ಕೊಟ್ಟರು. ಸುಮಾರು 420 ಮಕ್ಕಳಿಗೆ ಲಸಿಕೆ ಹಾಕಿದಾಗ ಒಂದು ಸಾವು ತಪ್ಪುತ್ತಿತ್ತು, ಹೆಚ್ಚಾಗಿ ವೃದ್ಧರ ಸಾವು. ಮೊಮ್ಮಕ್ಕಳ ತೋಳಿಗೆ ಚುಚ್ಚಿದ ಸೂಜಿ ಅಜ್ಜ ಅಜ್ಜಿಯರನ್ನು ಕಾಯುತ್ತಿತ್ತು.

ಇನ್ನೊಂದು ಮಾತು, ಹಾಕಿಸಿಕೊಂಡವರ ಮನೆಯವರಿಗೆ. ಫ್ಲೂ ಕಾಲದಲ್ಲಿ ಹಿರಿಯರಿಗೆ ಜ್ವರ, ಕೆಮ್ಮು ಅಥವಾ ಹಠಾತ್ ಮಂಕು ಕಂಡರೆ "ಲಸಿಕೆ ಆಗಿದೆಯಲ್ಲ, ಫ್ಲೂ ಇರಲಾರದು" ಎಂದು ಕೂರಬೇಡಿ. ಒಸೆಲ್ಟಾಮಿವಿರ್‌ನಂಥ ಫ್ಲೂ ಔಷಧಿಗಳಿವೆ. ರೋಗ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆ ಗಡಿಯಾರ ಓಡುವುದು ಮೊದಲ ಲಕ್ಷಣ ಕಂಡಾಗಿನಿಂದ, ಡಾಕ್ಟರ ಹತ್ತಿರ ಹೋದಾಗಿನಿಂದ ಅಲ್ಲ.